ಗುಲಾಬಿ ಬೇಸಿನ್ನು ಎಲ್ಲಿ ಹೋಯಿತು? ನಮ್ಮ ಬಡಾವಣೆಯ ಸಂಘಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸಮಿತಿಯ ಎಲ್ಲ ಸದಸ್ಯರು,
ನಮ್ಮ ಬಡಾವಣೆಯ ನಿವಾಸಿಗಳ ಸಂಘ,
ಮೈಸೂರು.

ವಿಷಯ: ಮನೆಗಳ ಮುಂದಿನ ಗಿಡಗಳನ್ನು ಕೇಳದೆ ಕಿತ್ತದ್ದು ಮತ್ತು ಹಳೇ ಡಬ್ಬಗಳ ಬಗ್ಗೆ ಹೊರಡಿಸಿದ ಸೂಚನೆ.

ಮಾನ್ಯರೇ,

ದೀಪಾವಳಿ ಕಳೆದ ಎರಡನೇ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಮ್ಮ ಮೂರನೇ ಅಡ್ಡರಸ್ತೆಗೆ ಒಂದು ಜೆಸಿಬಿ ಬಂತು. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಹನ್ನೊಂದು ಗಂಟೆಗೆ ಅದು ವಾಪಸ್ ಹೋಗುವಾಗ ಹದಿನಾಲ್ಕು ಮನೆಗಳ ಮುಂದೆ ಕೆಂಪು ಮಣ್ಣು ಬಿಟ್ಟರೆ ಏನೂ ಉಳಿದಿರಲಿಲ್ಲ. ವಾರದೊಳಗೆ ಆ ಮಣ್ಣಿನ ಮೇಲೆ ಜಲ್ಲಿಪುಡಿ ಹರಡಿ, ಇಂಟರ್‌ಲಾಕ್ ಇಟ್ಟಿಗೆ ಕೂಡಿಸಿ, ಮನೆಗೆ ಎರಡರಂತೆ ಸಿಮೆಂಟ್ ಕುಂಡ ಇಡಿಸಿದಿರಿ. ಕುಂಡಕ್ಕೊಂದು ಫಾಕ್ಸ್‌ಟೇಲ್ ಪಾಮ್. ಎಲ್ಲವೂ ಒಂದೇ ಎತ್ತರ, ಒಂದೇ ಬಣ್ಣ.

ಚೆನ್ನಾಗಿ ಕಾಣುತ್ತದೆ ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಮೊನ್ನೆ ನನ್ನ ತಂಗಿ ಬಂದಾಗ ನಮ್ಮ ಮನೆ ಸಿಗದೆ ಆಟೋದಲ್ಲಿ ಎರಡು ಸುತ್ತು ಹೊಡೆದಳು. ಮೂವತ್ತು ವರ್ಷದಿಂದ ಅವಳು ಆಟೋದವರಿಗೆ ಹೇಳುತ್ತಿದ್ದ ಗುರುತು ಒಂದೇ: ‘ಬಾತ್‌ಟಬ್ ಮನೆಯಿಂದ ಮೂರನೇದು.’ ಈಗ ಬಾತ್‌ಟಬ್ ಇಲ್ಲ.

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಿಮ್ಮ ಕಾಗದಕ್ಕೆ ನಾನೂ ಸೈನ್ ಹಾಕಿದ್ದೇನೆ. ‘ರಸ್ತೆ ಸುಂದರೀಕರಣಕ್ಕೆ ಸಮ್ಮತಿ’ ಅಂತ ಒಂದು ಸಾಲು, ಕೆಳಗೆ ಹೆಸರುಗಳ ಪಟ್ಟಿ. ಒಳಗೆ ಕುಕ್ಕರ್ ಕೂಗುತ್ತಿತ್ತು. ಓದದೆ ಸೈನ್ ಹಾಕಿದೆ, ಎರಡೂವರೆ ಸಾವಿರ ರೂಪಾಯಿ ಕೊಟ್ಟೆ, ರಸೀದಿ ತೆಗೆದುಕೊಂಡೆ. ದೀಪ ಹಾಕಿಸುತ್ತಾರೇನೋ ಅಂದುಕೊಂಡಿದ್ದೆ. ಹಾಗಾಗಿ ಈ ಪತ್ರದಲ್ಲಿ ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ನಿಮ್ಮಲ್ಲಿ ಹೆಚ್ಚಿನವರು ಈ ಬಡಾವಣೆಗೆ ಬಂದು ಏಳೆಂಟು ವರ್ಷ ಆಗಿರಬಹುದು. ಅವತ್ತು ಕಿತ್ತದ್ದು ಏನು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಸೂಚನೆಯಲ್ಲಿ ‘ಅನುಪಯುಕ್ತ ಗಿಡಗಂಟಿ’ ಅಂತ ಬರೆದಿದ್ದೀರಿ. ಆ ಗಿಡಗಂಟಿಯ ವಿಚಾರ ಸ್ವಲ್ಪ ಹೇಳುತ್ತೇನೆ, ಬೇಸರಿಸದೆ ಕೇಳಿ.

ನಾನು ಮದುವೆಯಾಗಿ ಇಲ್ಲಿಗೆ ಬಂದದ್ದು 1986ರಲ್ಲಿ. ಬಡಾವಣೆ ಮಾಡಿ ಸೈಟು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಸಿಐಟಿಬಿಯಿಂದ ನಮ್ಮ ಮಾವನವರಿಗೆ ಸಿಕ್ಕಿದ್ದ ಸೈಟು, 30-40 ಅಡಿ. ಆಗ ಈ ರಸ್ತೆಯಲ್ಲಿ ಇದ್ದದ್ದು ಆರು ಮನೆ. ಕಾಂಪೌಂಡಿಗೂ ಚರಂಡಿಗೂ ನಡುವೆ ನಾಲ್ಕಡಿ ಮಣ್ಣು. ಅದು ನಮ್ಮದೂ ಅಲ್ಲ, ಪಕ್ಕದವರದೂ ಅಲ್ಲ. ಯಾರದ್ದೂ ಅಲ್ಲದ ಜಾಗ ಸಿಕ್ಕಾಗ ಜನ ಏನು ಮಾಡುತ್ತಾರೆ ಅಂತ ನೋಡಬೇಕಿದ್ದರೆ ನಮ್ಮ ರಸ್ತೆಗೆ ಬರಬೇಕಿತ್ತು. ಕಾಂಪೌಂಡಿನ ಒಳಗೆ ಎಲ್ಲರೂ ಮರ್ಯಾದಸ್ಥರು. ಗುಲಾಬಿ, ತುಳಸಿಕಟ್ಟೆ, ಒಂದು ತೆಂಗಿನ ಮರ. ತಮ್ಮ ತಮ್ಮ ಹುಚ್ಚೆಲ್ಲ ಹೊರಗಿನ ಆ ನಾಲ್ಕಡಿಯಲ್ಲಿ.

ಬಾತ್‌ಟಬ್ ಮನೆಯವರದು ಸ್ಯಾನಿಟರಿ ಸಾಮಾನಿನ ಅಂಗಡಿ. ಮೂಲೆ ಚಕ್ಕೆ ಹಾರಿದ್ದು, ಬಣ್ಣ ಹೊಂದದೆ ಗಿರಾಕಿ ವಾಪಸ್ ತಂದದ್ದು, ಎಲ್ಲ ಮನೆ ಮುಂದೆ ಬಂದು ಕೂರುತ್ತಿತ್ತು. ಒಂದು ಗುಲಾಬಿ ಬಣ್ಣದ ವಾಶ್ ಬೇಸಿನ್ನಿನಲ್ಲಿ ಒಂದೆಲಗ. ‘ನೀರು ಹೋಗೋಕೆ ತೂತು ಕಂಪನಿಯವನೇ ಕೊರೆದುಕೊಟ್ಟಿದ್ದಾನೆ, ಇನ್ನೇನು ಬೇಕು’ ಅನ್ನುತ್ತಿದ್ದರು ಯಜಮಾನರು. ಬಿಳಿ ಬಾತ್‌ಟಬ್ಬಿನಲ್ಲಿ ನೈದಿಲೆ, ಅದರಡಿಯಲ್ಲಿ ಗಪ್ಪಿ ಮೀನು. ಒಂದು ಕಮೋಡೂ ಇತ್ತು. ಅದರಲ್ಲಿ ಅವರು ಸೇವಂತಿಗೆ ಹಾಕಿದರು, ಹೂವೂ ರಾಶಿ ಬಿಟ್ಟಿತು. ಮನೆಯಾಕೆ ಒಪ್ಪಲಿಲ್ಲ. ಕಮೋಡಿನ ಹೂವು ದೇವರಿಗಿಲ್ಲ, ಮುಡಿಯೋದಕ್ಕೂ ಇಲ್ಲ! ಎರಡು ದಿನ ಮಾತು ಬಿಟ್ಟರಂತೆ. ಕೊನೆಗೆ ಕಮೋಡಿಗೆ ಕ್ರೋಟನ್ ಹೋಯಿತು, ಸೇವಂತಿಗೆ ಮಡಿಯಾದ ಮಣ್ಣಿನ ಕುಂಡಕ್ಕೆ ಬಂತು.

ಆ ಗುಲಾಬಿ ಬೇಸಿನ್ನಿನ ಒಂದೆಲಗಕ್ಕೆ ಮಾರ್ಚ್ ತಿಂಗಳಲ್ಲಿ ಎಲ್ಲಿಲ್ಲದ ಬೇಡಿಕೆ. ಎಸ್ಸೆಸ್ಸೆಲ್ಸಿ ಮಕ್ಕಳ ತಾಯಂದಿರು ಬೆಳಿಗ್ಗೆ ಬೆಳಿಗ್ಗೆ ಬಟ್ಟಲು ಹಿಡಿದು ಬರುತ್ತಿದ್ದರು. ಚಟ್ನಿ ತಿಂದರೆ ನೆನಪಿನ ಶಕ್ತಿ ಬರುತ್ತೆ ಅಂತ. ನನ್ನ ಮಗನಿಗೂ ತಿನ್ನಿಸಿದ್ದೇನೆ. ಗಣಿತದಲ್ಲಿ ಅವನಿಗೆ ಬಂದ ಅಂಕ ಇಲ್ಲಿ ಬೇಡ ಬಿಡಿ.

ಎದುರು ಸಾಲಿನಲ್ಲಿ ರೈಲ್ವೆ ಮಾವನವರ ಮನೆ. ಗಾರ್ಡ್ ಆಗಿ ರಿಟೈರ್ ಆದವರು. ನಮಗೆ ನೆಂಟರಲ್ಲ, ಇಡೀ ರಸ್ತೆಗೆ ಮಾವ. ಅವರ ತೋಟದಲ್ಲಿ ಪ್ರತಿ ಗಿಡಕ್ಕೂ ಒಂದು ತಗಡಿನ ಬೋರ್ಡು. ಹಳದಿ ಬಣ್ಣ, ಕಪ್ಪು ಅಕ್ಷರ, ಸ್ಟೇಷನ್ನಿನಲ್ಲಿ ಇರುವ ಹಾಗೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಯಲ್ಲಿ. ‘ಕನಕಾಂಬರ’ ಅಂತ ದೊಡ್ಡದಾಗಿ. ಕೆಳಗೆ ಚಿಕ್ಕದಾಗಿ ಸಮುದ್ರ ಮಟ್ಟದಿಂದ ಎತ್ತರ. ಕುಂಡದಲ್ಲಿದ್ದ ಗಿಡವಾದರೆ ಎತ್ತರಕ್ಕೆ ಒಂದಡಿ ಜಾಸ್ತಿ ಸೇರಿಸುತ್ತಿದ್ದರು. ಲೆಕ್ಕ ತಪ್ಪಬಾರದು. ಸಾಲಿನ ಕೊನೆಯಲ್ಲಿ ಇನ್ನೊಂದು ಬೋರ್ಡು: ‘ಮುಂದಿನ ನಿಲ್ದಾಣ ದಾಸವಾಳ.’ ಗೊಬ್ಬರ ಹಾಕಿದ ದಿನ ಅಲ್ಲೊಂದು ಕೆಂಪು ಬಾವುಟ, ಮಕ್ಕಳು ಕೈಹಾಕದಿರಲಿ ಅಂತ.

ಅವರ ಮನೆಯಲ್ಲೇ ಬ್ರಹ್ಮಕಮಲ ಇದ್ದದ್ದು. ಮಳೆಗಾಲದಲ್ಲಿ ಮೊಗ್ಗು ಬರುತ್ತಿತ್ತು. ಮೊದಮೊದಲು ಎಲೆಯಂಚಿಗೆ ಇಳಿಬಿದ್ದಿರುತ್ತದೆ. ಅರಳುವ ದಿನ ಹತ್ತಿರ ಬಂದಂತೆ ಕೊಕ್ಕರೆ ಕತ್ತಿನ ಹಾಗೆ ಮೇಲಕ್ಕೆ ಬಾಗಿ ನಿಲ್ಲುತ್ತದೆ. ಸಂಜೆ ಮೊಗ್ಗಿನ ತುದಿ ಒಂದಿಷ್ಟು ಬಿರಿದರೆ ಅವತ್ತೇ ಅಂತ ಲೆಕ್ಕ. ಮಾವನವರು ತಮ್ಮ ಹಳೇ ಗಾರ್ಡ್ ಲ್ಯಾಂಪು ಹಚ್ಚಿ, ಹಸಿರು ಗಾಜು ರಸ್ತೆ ಕಡೆ ತಿರುಗಿಸಿ ಗೇಟಿಗೆ ನೇತುಹಾಕುತ್ತಿದ್ದರು. ಹಸಿರು ದೀಪ ಕಂಡರೆ ಊಟ ಮುಗಿಸಿ ಎಲ್ಲರೂ ಅಲ್ಲಿಗೆ. ರಾತ್ರಿ ಹತ್ತು ಹತ್ತೂವರೆಗೆ ಒಂದೊಂದೇ ಎಸಳು ಬಿಡಿಸಿಕೊಳ್ಳುತ್ತಿತ್ತು. ಅಂಗೈಗಿಂತ ದೊಡ್ಡ ಬಿಳಿ ಹೂವು, ರಸ್ತೆಯ ತುದಿಯವರೆಗೂ ವಾಸನೆ. ನಾಲ್ಕನೇ ಅಡ್ಡರಸ್ತೆಯ ಬಾಟನಿ ಮೇಷ್ಟ್ರು ಪ್ರತಿ ವರ್ಷ ಬಂದು ಅದೇ ಪಾಠ ಮಾಡುತ್ತಿದ್ದರು. ‘ಇದು ಬ್ರಹ್ಮಕಮಲ ಅಲ್ಲಾರೀ. ಅದು ಹಿಮಾಲಯದಲ್ಲಿ ಆಗೋದು. ಇದು ಮೆಕ್ಸಿಕೋ ಕಡೆಯ ಕಳ್ಳಿ. ನೀವು ಎಲೆ ಅಂದುಕೊಂಡಿರೋದು ಎಲೆಯೂ ಅಲ್ಲ, ಕಾಂಡ.’ ಯಾರೂ ವಾದ ಮಾಡುತ್ತಿರಲಿಲ್ಲ. ‘ಆಯ್ತು ಮೇಷ್ಟ್ರೇ, ಕಾಫಿ ಆರುತ್ತೆ’ ಅಂತ ಲೋಟ ಕೈಗಿಡುತ್ತಿದ್ದರು. ಹೆಂಗಸರು ಹೂವಿಗೆ ಕುಂಕುಮ ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಹೂವು ಕತ್ತು ಮುರಿದ ಕೋಳಿಯಂತೆ ಜೋತುಬಿದ್ದಿರುತ್ತಿತ್ತು.

ಒಂದು ವರ್ಷ ಮಾವನವರು ದಸರಾ ಫಲಪುಷ್ಪ ಪ್ರದರ್ಶನದ ಮನೆತೋಟ ಸ್ಪರ್ಧೆಗೆ ಅರ್ಜಿ ಹಾಕಿದರು. ಕುಪ್ಪಣ್ಣ ಪಾರ್ಕಿನಲ್ಲಿ ಪ್ರತಿ ವರ್ಷ ಪ್ರದರ್ಶನ ನೋಡಿ ನೋಡಿ ಅವರಿಗೂ ಆಸೆಯಾಗಿತ್ತು. ಕುಂಡಗಳಿಗೆಲ್ಲ ಕೆಮ್ಮಣ್ಣು ಬಳಿದು, ಬಿಳಿ ಪಟ್ಟೆ ಎಳೆದು, ಇಸ್ತ್ರಿ ಮಾಡಿದ ಕೋಟು ಹಾಕಿ ನಿಂತಿದ್ದರು. ನೋಡಲು ಬಂದವರು ಕೇಳಿದರು, ‘ಇದು ಅಲಂಕಾರದ ತೋಟವೋ, ತರಕಾರಿ ತೋಟವೋ?’ ಮಾವನವರು ಸ್ವಲ್ಪ ಯೋಚಿಸಿ, ‘ರೈಲ್ವೆ ತೋಟ’ ಅಂದರು. ಬಹುಮಾನ ಬರಲಿಲ್ಲ. ಬಂದವರಲ್ಲಿ ಒಬ್ಬರು ಹೋಗುವಾಗ ಕನಕಾಂಬರದ ಒಂದು ಕಡ್ಡಿ ಕೇಳಿ ತೆಗೆದುಕೊಂಡು ಹೋದರು. ಅದನ್ನೇ ಬಹುಮಾನ ಅಂತ ಮಾವನವರು ಹತ್ತು ವರ್ಷ ಹೇಳಿಕೊಂಡು ತಿರುಗಿದರು.

ಬ್ಯಾಂಕಿನವರ ಮನೆಗೆ ಪಾಂಡವಪುರ ಕಡೆಯ ಹಳ್ಳಿಯಿಂದ ಅವರ ತಂದೆ ಬಂದು ಉಳಿದರು. ಹೆಂಡತಿ ಹೋದ ಮೇಲೆ ಮಗ ಬಲವಂತ ಮಾಡಿ ಕರೆದುಕೊಂಡು ಬಂದದ್ದು. ಒಂದು ವಾರ ಜಗಲಿ ಮೇಲೆ ಸುಮ್ನೆ ಕೂತಿದ್ದರು. ಎರಡನೇ ವಾರ ಆ ನಾಲ್ಕಡಿ ಅಗಲ, ಮೂವತ್ತಡಿ ಉದ್ದದ ಪಟ್ಟಿಯನ್ನು ಗುದ್ದಲಿಯಲ್ಲಿ ಅಗೆದು ರಾಗಿ ಚೆಲ್ಲಿದರು. ಅಂಚಿಗೆ ಅಕ್ಕಡಿ ಸಾಲು ಬೇಕು ಅಂತ ಅವರೆಯನ್ನೂ ಹಾಕಿದರು. ತೆನೆ ಬಲಿಯುವಾಗ ರಾಟವಾಳಗಳು ಇಳಿದವು. ಅಜ್ಜ ಒಂದು ಬೆದರುಗೊಂಬೆ ನಿಲ್ಲಿಸಿದರು. ಅದಕ್ಕೆ ಮಗನ ಬಿಳಿ ಶರ್ಟು, ಕಪ್ಪು ಟೈ! ಬೆಳಿಗ್ಗೆ ಆಫೀಸಿಗೆ ಹೊರಟ ಮಗನಿಗೂ ಗೊಂಬೆಗೂ ವ್ಯತ್ಯಾಸ ಕಾಣದೆ ನಮ್ಮ ನಾಯಿ ಇಬ್ಬರಿಗೂ ಬೊಗಳುತ್ತಿತ್ತು. ಮಗ ಒಂದು ಮಾತೂ ಆಡಲಿಲ್ಲ. ಬೇರೆ ಟೈ ಕೊಂಡುಕೊಂಡ.

ಹಕ್ಕಿ ತಿಂದು, ರಸ್ತೆಯ ಹಸು ತಿಂದು, ಉಳಿದದ್ದು ಎರಡು ಸೇರು ರಾಗಿ. ಟೆರೇಸಿನಲ್ಲಿ ಬಡಿದು, ತೂರಿ, ಮಿಲ್ಲಿಗೆ ಹಾಕಿಸಿಕೊಂಡು ಬಂದರು. ಸುತ್ತಲಿನ ನಾಲ್ಕು ಮನೆಗೆ ಪೇಪರಿನ ಪೊಟ್ಟಣದಲ್ಲಿ ಹಿಟ್ಟು ಬಂತು. ‘ನಮ್ಮ ಹೊಲದ್ದು’ ಅಂತ ಹೇಳಿ ಕೊಟ್ಟರು. ನಮ್ಮ ಅತ್ತೆ ಅವತ್ತು ಆ ಹಿಟ್ಟಿನಲ್ಲಿ ಮಾಡಿದ ಮುದ್ದೆ ಗಾತ್ರದಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಮನೆಮಂದಿಯೆಲ್ಲ ಹಂಚಿಕೊಂಡೆವು.

ಇನ್ನೂ ಎಷ್ಟೋ ಇದ್ದವು. ಮುಳ್ಳು ಚುಚ್ಚದಿರಲಿ ಅಂತ ಭೂತಾಳೆಯ ಒಂದೊಂದು ತುದಿಗೂ ಮೊಟ್ಟೆಯ ಚಿಪ್ಪು ಸಿಕ್ಕಿಸಿದ ಮನೆ. ಗೋಲಿಸೋಡಾ ಬಾಟಲಿ ತಲೆಕೆಳಗಾಗಿ ಹೂತು ಪಾತಿಗೆ ಅಂಚು ಕಟ್ಟಿದ ಮನೆ. ಹಿಂದಿನ ಕನ್ಸರ್ವೆನ್ಸಿ ಗಲ್ಲಿಯ ಮೇಲೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹಬ್ಬಿದ ಸೋರೆಬಳ್ಳಿ, ಅದರ ಕಾಯಿ ಸರಿಯಾಗಿ ಗಲ್ಲಿಯ ಮಧ್ಯಕ್ಕೇ ಬಿಟ್ಟು ಇಬ್ಬರು ಗೃಹಿಣಿಯರ ನಡುವೆ ಆದ ಜಗಳ. ಅದರ ತೀರ್ಪು ಈಳಿಗೆಮಣೆಯ ಮೇಲೆ ಆಯಿತು, ಅರ್ಧ ಅರ್ಧ.

ಈಗ ಎಕ್ಕದಜ್ಜಿಯ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಕೂತದ್ದು ಅವರಿಂದಾಗಿ.

ಕೊನೆಯ ಮನೆ ಅವರದು. ಒಬ್ಬರೇ ಇರುತ್ತಾರೆ. ಬೇರೆಯವರು ಕಳೆ ಅಂತ ಕಿತ್ತು ಬಿಸಾಡುವುದನ್ನೇ ಅವರು ನೀರು ಹಾಕಿ ಬೆಳೆಸುತ್ತಿದ್ದರು. ಬಿಳಿ ಎಕ್ಕ, ತುಂಬೆ, ಉತ್ತರಾಣಿ, ಉಮ್ಮತ್ತಿ, ಗರಿಕೆ. ನಮಗೆಲ್ಲ ನಗು. ಆದರೆ ಗಣೇಶನ ಹಬ್ಬದ ಹಿಂದಿನ ಸಂಜೆ ಇಪ್ಪತ್ತೊಂದು ಪತ್ರೆ ಹುಡುಕಿಕೊಂಡು ನಗುತ್ತಿದ್ದವರೇ ಅವರ ಗೇಟಿನಲ್ಲಿ ನಿಲ್ಲುತ್ತಿದ್ದೆವು. ಶಿವರಾತ್ರಿಗೆ ತುಂಬೆ ಹೂವು. ರಥಸಪ್ತಮಿಗೆ ಎಕ್ಕದ ಎಲೆ. ತಲೆಗೊಂದು, ಭುಜಕ್ಕೆರಡು, ಮಂಡಿಗೆರಡು, ಪಾದಕ್ಕೆರಡು. ಏಳೇಳು ಎಲೆ ಎಣಿಸಿ, ದಾರ ಕಟ್ಟಿ, ಹಿಂದಿನ ದಿನವೇ ಮನೆಮನೆಗೆ ಕಳಿಸುತ್ತಿದ್ದರು. ಯಾವ ಮನೆಯಲ್ಲಿ ಎಷ್ಟು ಜನ ಅಂತ ಅವರಿಗೆ ಬಾಯಿಪಾಠ. ನಮ್ಮ ಮನೆಗೆ ಸೊಸೆ ಬಂದ ವರ್ಷ ನಾವು ಹೇಳದೆಯೇ ಏಳು ಎಲೆ ಜಾಸ್ತಿ ಬಂತು.

ಅವರ ಎಕ್ಕದ ಎಲೆಗಳ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಇರುತ್ತಿದ್ದವು. ಒಂದು ಸಲ ನಾನು ಔಷಧಿ ಹೊಡೆಸಿ ಅಂದೆ. ‘ಎಕ್ಕದ ಹಾಲು ವಿಷ ಕಣಮ್ಮ. ನಿನಗೆ ತಿನ್ನೋಕಾಗುತ್ತಾ? ಅದಕ್ಕೆ ಆಗುತ್ತೆ, ತಿನ್ನಲಿ ಬಿಡು’ ಅಂದರು. ಎರಡು ವಾರದ ಮೇಲೆ ಮಕ್ಕಳನ್ನು ಕರೆದು ಎಲೆಯಡಿ ತೂಗುತ್ತಿದ್ದ ಕೋಶ ತೋರಿಸಿದರು. ತಿಳಿಹಸಿರು, ಕಡಲೆಕಾಯಿ ಬೀಜದಷ್ಟು ದಪ್ಪ. ಅದರಿಂದ ಕಿತ್ತಳೆ ಬಣ್ಣದ ಚಿಟ್ಟೆ ಹೊರಗೆ ಬಂದು, ಮುದುಡಿದ ರೆಕ್ಕೆ ಒಣಗಿಸಿಕೊಂಡು ಹಾರುವವರೆಗೂ ಸ್ಕೂಲ್ ವ್ಯಾನ್ ಕಾಯಿತು. ಅದರ ಡ್ರೈವರೂ ಇಳಿದು ಬಂದು ನೋಡುತ್ತಿದ್ದ.

ನಿಮ್ಮ ಜೆಸಿಬಿ ಬಂದ ಭಾನುವಾರ ಅಜ್ಜಿ ಹಾಸನದಲ್ಲಿ ಮಗಳ ಮನೆಯಲ್ಲಿದ್ದರು. ಬುಧವಾರ ಬಂದರು. ಅಳಲಿಲ್ಲ, ಕೂಗಾಡಲಿಲ್ಲ. ‘ಮಣ್ಣು ಎಲ್ಲಿ ಸುರಿದರು?’ ಅಂತ ಮಾತ್ರ ಕೇಳಿದರು. ಎರಡನೇ ಅಡ್ಡರಸ್ತೆಯ ಖಾಲಿ ಸೈಟಿಗೆ ನಾನೇ ಕರೆದುಕೊಂಡು ಹೋದೆ. ಕೋಲಿನಿಂದ ಕೆದಕಿ ಕೆದಕಿ ಎಕ್ಕದ ಎರಡು ತುಂಡು ಹುಡುಕಿದರು. ಒಣಗಿದ್ದವು, ಆದರೆ ಉಗುರಿನಲ್ಲಿ ಕೆರೆದಾಗ ಒಳಗೆ ಇನ್ನೂ ಹಸಿರಿತ್ತು. ತಂದು ಹಳೇ ಎಣ್ಣೆ ಡಬ್ಬದಲ್ಲಿ ನೆಟ್ಟು ಕಾಂಪೌಂಡ್ ಗೋಡೆಯ ಮೇಲೆ ಇಟ್ಟಿದ್ದಾರೆ. ಅಲ್ಲೇ ಬಂದಿದೆ ನಿಮ್ಮ ಹೊಸ ಸೂಚನೆ: ‘ಗೋಡೆಯ ಮೇಲೆ, ಗೇಟಿನ ಮುಂದೆ ಹಳೇ ಡಬ್ಬ, ಬಕೆಟ್, ಟೈರುಗಳಲ್ಲಿ ಗಿಡ ಇಡತಕ್ಕದ್ದಲ್ಲ. ಏಕರೂಪತೆಗೆ ಧಕ್ಕೆ ಬರುತ್ತದೆ.’

ಮಾನ್ಯರೇ, ನಿಮ್ಮ ಕಾರಣಗಳನ್ನೂ ನೋಡೋಣ.

ಡೆಂಗಿ ಅಂದಿರಿ. ಒಪ್ಪುತ್ತೇನೆ. ಒಡೆದ ಕುಂಡ, ತೆಂಗಿನ ಚಿಪ್ಪು, ಟೈರಿನಲ್ಲಿ ನಿಂತ ನೀರು ಅಪಾಯವೇ. ವಾರಕ್ಕೊಮ್ಮೆ ಚೆಲ್ಲದಿದ್ದರೆ ಸೊಳ್ಳೆ ಆಗುತ್ತದೆ. ಆದರೆ ಬಾತ್‌ಟಬ್ಬಿನಲ್ಲಿ ಗಪ್ಪಿ ಇದ್ದವು, ಅವು ಸೊಳ್ಳೆ ಮರಿಗಳನ್ನು ತಿನ್ನುತ್ತವೆ. ಈ ಮೀನನ್ನು ಆರೋಗ್ಯ ಇಲಾಖೆಯವರೇ ನಿಂತ ನೀರಿಗೆ ಬಿಡಿಸುತ್ತಾರೆ. ನೀವು ಇಟ್ಟ ಹೊಸ ಕುಂಡಗಳ ಕೆಳಗಿನ ತಟ್ಟೆಯಲ್ಲಿ ಮೀನಿಲ್ಲ. ಮೊನ್ನೆ ಮಳೆ ಬಂದ ನಾಲ್ಕನೇ ದಿನ ಬಗ್ಗಿ ನೋಡಿದೆ, ಮರಿಗಳು ಕುಣಿಯುತ್ತಿದ್ದವು. ಫೋಟೋ ಬೇಕಾದರೆ ಕಳಿಸುತ್ತೇನೆ.

ನಡೆಯಲು ಜಾಗ ಬೇಕು ಅಂದಿರಿ. ಅದೂ ನ್ಯಾಯವೇ. ಆರನೇ ಮನೆಯ ಬೋಗನ್‌ವಿಲ್ಲಾ ನನ್ನದೇ ಒಂದು ಸೀರೆ ಹರಿದಿದೆ. ಅಂಥದ್ದನ್ನು ಕತ್ತರಿಸಿ ಅಂತ ಹೇಳಬಹುದಿತ್ತು. ಈಗ ಅಲ್ಲಿ ಯಾರು ನಡೆಯುತ್ತಿದ್ದಾರೆ? ನಿನ್ನೆ ಸಂಜೆ ಎಣಿಸಿದೆ. ಹದಿನಾಲ್ಕು ಮನೆ ಮುಂದೆ ಒಂಬತ್ತು ಕಾರು, ಹೊಸ ಇಟ್ಟಿಗೆಯ ಮೇಲೆ. ಜನ ಮೊದಲಿನ ಹಾಗೆ ರಸ್ತೆಯಲ್ಲೇ ನಡೆಯುತ್ತಾರೆ.

ಎರಡನೇ ಮನೆಯ ಮುಂದಿನ ಸಂಪಿಗೆ ಮರವನ್ನು ಮುಟ್ಟಲಿಲ್ಲ, ಅದಕ್ಕೆ ಕೃತಜ್ಞತೆ. ಮರ ಕಡಿಯಲು 1976ರ ಕಾಯಿದೆ ಪ್ರಕಾರ ಅನುಮತಿ ಬೇಕು ಅಂತ ನಿಮಗೆ ಗೊತ್ತಿತ್ತು. ಗಿಡಕ್ಕೆ ಅಂಥ ಕಾಯಿದೆ ಇಲ್ಲ ಅಂತಲೂ ಗೊತ್ತಿತ್ತು. ಆದರೆ ಆ ಸಂಪಿಗೆಯ ಬುಡಕ್ಕೆ ಬೆರಳು ತೂರದಷ್ಟು ಒತ್ತಾಗಿ ಇಟ್ಟಿಗೆ ಕೂಡಿಸಿದ್ದೀರಿ. ಮರದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯವರಿಗೆ ಹೇಳಿದೆ. ದೆಹಲಿಯ ಮರಕ್ಕೆ ಬೇಕಾದ್ದು ನಮ್ಮ ಸಂಪಿಗೆಗೂ ಬೇಕು, ಅಲ್ವಾ?

‘ವೇಸ್ಟ್ ಜಾಗ’ ಅಂತ ಇನ್ನೊಂದು ಪದ ಬಳಸಿದ್ದೀರಿ. ಈ ಊರಿನಲ್ಲಿ ಮನೆ ಸುತ್ತ ಜಾಗ ಬಿಡುವ ಪದ್ಧತಿ ಸುಮ್ನೆ ಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗ್ ಬಂದು ಒತ್ತೊತ್ತಾದ ಕೇರಿಗಳಲ್ಲಿ ಜನ ಸತ್ತರು. ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಆಗ ಎಚ್ಚರವಾಯಿತು. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ 1903ರಲ್ಲಿ ಬಂತು. ನಮ್ಮ ಮಾವನವರಿಗೆ ಸೈಟು ಕೊಟ್ಟ ಸಿಐಟಿಬಿ ಅದೇ. ಇನ್ನು ನೀರಿನ ಲೆಕ್ಕ. ನಾಲ್ಕಡಿ ಅಗಲ, ಮೂವತ್ತಡಿ ಉದ್ದ ಅಂದರೆ ಸುಮಾರು 11 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಒಂದೊಂದು ಮನೆಯ ಮುಂದೆ ವರ್ಷಕ್ಕೆ ಎಂಟರಿಂದ ಒಂಬತ್ತು ಸಾವಿರ ಲೀಟರ್ ನೀರು ಆ ವೇಸ್ಟ್ ಜಾಗದ ಮೇಲೆ ಬೀಳುತ್ತಿತ್ತು. ಮೊದಲು ಅದರಲ್ಲಿ ಬಹುಪಾಲು ಮಣ್ಣು ಕುಡಿಯುತ್ತಿತ್ತು. ಮೊನ್ನೆಯ ಮಳೆಯಲ್ಲಿ ಅದೆಲ್ಲ ತಿರುವಿನ ಹತ್ತಿರ ಬಂದು ನಿಂತಿತ್ತು. ಕಾರ್ಯದರ್ಶಿಗಳೇ, ಅಲ್ಲಿ ನಿಮ್ಮ ಸ್ಕೂಟರೇ ಆಫ್ ಆಯಿತು. ನಮ್ಮ ಕಿಟಕಿಯಿಂದ ಕಂಡೆ. ನಗಲಿಲ್ಲ, ನಿಜವಾಗಿ.

ಕ್ಲೀನ್ ಸಿಟಿ ಅನ್ನುವ ಮಾತೂ ಬಂತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ನಮ್ಮ ಊರು ಮೊದಲನೆಯದಾಗಿ ಬಂತು. ಆಗ ನಮ್ಮ ರಸ್ತೆಯಲ್ಲಿ ಬಾತ್‌ಟಬ್ಬೂ ಇತ್ತು, ಕಮೋಡೂ ಇತ್ತು, ಎಣ್ಣೆ ಡಬ್ಬಗಳೂ ಇದ್ದವು.

ನನ್ನ ಬೇಡಿಕೆ ದೊಡ್ಡದೇನಲ್ಲ. ನಾಲ್ಕನೇ ಅಡ್ಡರಸ್ತೆಯಲ್ಲಿ ಮುಂದಿನ ತಿಂಗಳು ಶುರುವಾಗಬೇಕಾದ ಕೆಲಸ ಸದ್ಯಕ್ಕೆ ನಿಲ್ಲಲಿ. ಒಂದೊಂದು ಮನೆಯವರನ್ನೂ ಕೇಳಿ, ಏನು ಕೀಳುತ್ತೀರಿ ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಸೈನ್ ಹಾಕಿಸಿಕೊಳ್ಳಿ. ಪಾಮ್ ಬೇಕು ಅನ್ನುವವರ ಮನೆ ಮುಂದೆ ಪಾಮ್ ಇರಲಿ, ನನ್ನ ಅಡ್ಡಿ ಇಲ್ಲ. ಡಬ್ಬದ ಸೂಚನೆಯನ್ನು ವಾಪಸ್ ತೆಗೆದುಕೊಳ್ಳಿ. ಗೋಡೆ ಅವರದು, ಡಬ್ಬ ಅವರದು. ನೀರು ನಿಲ್ಲದ ಹಾಗೆ ಡಬ್ಬಕ್ಕೆ ತೂತು ಹೊಡೆಸುವ ಜವಾಬ್ದಾರಿ ನನ್ನದು, ಮೊಳೆ ಸುತ್ತಿಗೆ ನಮ್ಮ ಮನೆಯಲ್ಲಿದೆ. ಸಂಪಿಗೆಯ ಸುತ್ತ ಮತ್ತು ಎಕ್ಕದಜ್ಜಿಯ ಮನೆ ಮುಂದೆ ಇಟ್ಟಿಗೆ ತೆಗೆಸಿ. ಕೂಲಿ ಎಷ್ಟಾದರೂ ಅರ್ಧ ನಾನು ಕೊಡುತ್ತೇನೆ. ಸೈನ್ ಹಾಕಿದ ತಪ್ಪಿಗೆ ಅಷ್ಟಾದರೂ ಆಗಬೇಕು.

ಸಾಮಾನುಗಳ ವಿಷಯ. ರೈಲ್ವೆ ಮಾವನವರು ಹೋಗಿ ಆರು ವರ್ಷವಾಯಿತು. ಅವರ ಹನ್ನೊಂದು ಬೋರ್ಡುಗಳನ್ನು ಅವತ್ತು ಟ್ರ್ಯಾಕ್ಟರಿನಿಂದ ನಾನೇ ಎಳೆದು ಇಳಿಸಿಕೊಂಡೆ, ನಮ್ಮ ಕಾರ್ ಶೆಡ್ಡಿನಲ್ಲಿವೆ. ‘ದಾಸವಾಳ’ದ ಮೂಲೆ ಸ್ವಲ್ಪ ಬಗ್ಗಿದೆ. ಬಾತ್‌ಟಬ್ ಗುಜರಿಗೆ ಹೋಗಿದೆ, ಅದು ಸಿಗುವುದಿಲ್ಲ. ಗುಲಾಬಿ ಬೇಸಿನ್ನು ಮಾತ್ರ ಎರಡನೇ ಅಡ್ಡರಸ್ತೆಯಲ್ಲಿ ಕಟ್ಟುತ್ತಿರುವ ಮನೆಯ ಹತ್ತಿರ ಇದೆ. ಮೇಸ್ತ್ರಿ ಅದರಲ್ಲಿ ಸಿಮೆಂಟ್ ಕಲಸುತ್ತಿದ್ದಾನೆ. ನಾನು ಕೇಳಿದ್ದಕ್ಕೆ ‘ಸಂಘದವರು ಕೊಟ್ಟಿದ್ದು ಅಮ್ಮಾ’ ಅಂದ. ದಯವಿಟ್ಟು ಅದನ್ನು ತರಿಸಿ, ತೊಳೆಸಿ, ಯಾರದೋ ಅವರಿಗೆ ಕೊಡಿ. ಮಾರ್ಚ್ ಬರುವುದಕ್ಕೆ ಮೊದಲು ಕೊಟ್ಟರೆ ಒಳ್ಳೆಯದು.

ಜನವರಿಯ ಮೊದಲ ಭಾನುವಾರ ಸಂಘದ ಮೀಟಿಂಗ್ ಇದೆ ಅಂತ ತಿಳಿಯಿತು. ಈ ಪತ್ರವನ್ನು ಅಲ್ಲಿ ಓದಿ. ಅಜ್ಜಿಯನ್ನು ನಾನು ಕರೆದುಕೊಂಡು ಬರುತ್ತೇನೆ, ಅವರಿಗೊಂದು ಕುರ್ಚಿ ಹಾಕಿಸಿ. ಡಬ್ಬದ ಎಕ್ಕಕ್ಕೆ ಈಗ ಎರಡು ಎಲೆ ಬಂದಿದೆ. ಮೀಟಿಂಗ್ ಆಗಿ ಕೆಲವು ವಾರಕ್ಕೆ ರಥಸಪ್ತಮಿ. ನಮ್ಮ ಮನೆಯಲ್ಲಿ ಐದು ಜನ, ಒಬ್ಬರಿಗೆ ಏಳರಂತೆ ಮೂವತ್ತೈದು ಎಲೆ ಬೇಕು. ಅಧ್ಯಕ್ಷರ ಮನೆಯಲ್ಲಿ ಆರು ಜನ, ನಲವತ್ತೆರಡು. ಅಜ್ಜಿ ಲೆಕ್ಕ ಹಾಕಿಟ್ಟಿದ್ದಾರೆ. ಎಲ್ಲಿಂದ ತರಬೇಕು ಅಂತ ಮೀಟಿಂಗಿನಲ್ಲಿ ಅವರಿಗೆ ನೀವೇ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಅಡ್ಡರಸ್ತೆಯ ಹಳೇ ನಿವಾಸಿ
(ಸಂಘದ ಚಂದಾ ಈ ವರ್ಷದವರೆಗೂ ಪೂರ್ತಿ ಕಟ್ಟಿದವಳು)